ಎರಡು ಬೆರಳಗಲ

ಪ್ರತಾಪ ನಗರ, ನಾಗಪುರ
ಭಾನುವಾರ, 12 ಏಪ್ರಿಲ್ 1987

ಪ್ರೀತಿಯ ದೇಚಮ್ಮ,

ಕಳೆದ ವರ್ಷ ನೀನು ಅಸ್ಥಿಯ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ನಾಗಪುರ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಾಗ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದೆ. ಹೋದ ದಿನ ಅಂಥ ಬಿಸಿಲಲ್ಲಿ ನಿನ್ನ ಉತ್ತಪ್ಪನವರ ತಲೆಯ ಮೇಲೆ ಹ್ಯಾಟು ಯಾಕಿರಲಿಲ್ಲ ಎಂದು. ಗಾಳಿಗೆ ಹಾರಿಹೋಗಿರಬೇಕು ಎಂದೆ. ಆ ದಿನ ಗಾಳಿಯೇ ಇರಲಿಲ್ಲ. ಈ ಮಾತನ್ನು ಬರೆಯದೆಯೂ ಪತ್ರ ಮುಗಿಸಬಹುದಿತ್ತು. ಇದಕ್ಕೆ ಮೊದಲು ಬರೆದು ಹರಿದ ಪತ್ರದಲ್ಲಿ ಹಾಗೆಯೇ ಮುಗಿಸಿದ್ದೆ. ಹ್ಯಾಟಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ನೀನು ಕೇಳಿದ ಸಂಖ್ಯೆಯ ವಿಷಯ ಹೇಳಬೇಕು. ಅದನ್ನು ಹೇಳದೆ ಇದನ್ನು ಹೇಳಿದರೆ ಅರ್ಥವಾಗುವುದಿಲ್ಲ.

ನಿನ್ನ ಪತ್ರ ಮಾರ್ಚ್ ಕೊನೆಯಲ್ಲಿ ಬಂತು. ಗೋಣಿಕೊಪ್ಪದ ರಸ್ತೆಯ ತಿರುವಿನಲ್ಲಿ ಉತ್ತಪ್ಪನವರ ನೆನಪಿಗೆ ಬಸ್ ತಂಗುದಾಣ ಕಟ್ಟುತ್ತಿದ್ದೀರಿ, ಹಂಚು ಹೊದಿಸಿಯಾಗಿದೆ, ವರ್ಷದ ದಿನಕ್ಕೆ ತೆರೆಯುತ್ತೀರಿ ಎಂದು ಓದಿ ಸಂತೋಷವಾಯಿತು. ಕೂರುವ ಕಟ್ಟೆ ಸ್ವಲ್ಪ ಎತ್ತರವಾಯಿತು, ಮುದುಕಿಯರ ಕಾಲು ನೆಲಕ್ಕೆ ಎಟುಕುವುದಿಲ್ಲ ಎಂದು ನೀನು ಬರೆದದ್ದು ಓದಿ ಎಷ್ಟೋ ದಿನಗಳ ಮೇಲೆ ನಕ್ಕೆ. ಅದರ ಕೆಳಗಿನ ಸಾಲು ಓದಿ ನಗು ನಿಂತಿತು. "ಕಲ್ಲು ಕೆತ್ತುವವನು ಏಪ್ರಿಲ್ ಕೊನೆಗೆ ಬರುತ್ತಾನೆ. ಸಂಖ್ಯೆ ಪಾಯಿಂಟ್ ಸಮೇತ ಸರಿಯಾಗಿರಬೇಕು ಅಂತ ಬೋಪಣ್ಣ ಭಾವ ಹಟ ಹಿಡಿದಿದ್ದಾರೆ. ನೀನೇ ಬರೆದು ಕಳಿಸು, ನಿನ್ನ ಕೈಯಿಂದ ಬಂದರೆ ತಪ್ಪಿರುವುದಿಲ್ಲ."

ದೇಚಮ್ಮ, ಆ ಸಂಖ್ಯೆಯನ್ನು ಕಲ್ಲಿನ ಮೇಲೆ ಕೆತ್ತಿಸಬೇಡ. ಅದು ತಪ್ಪು.

ನೋಡು, ಬರೆದುಬಿಟ್ಟೆ. ಇಂಗ್ಲಿಷಿನಲ್ಲಾಗಿದ್ದರೆ ಇದನ್ನು ಹೀಗೆ ಬರೆಯುತ್ತಿರಲಿಲ್ಲ. ಫಲಿತಾಂಶವು ಮರುಪರಿಶೀಲನೆಗೆ ಒಳಪಟ್ಟಿದೆ ಎಂದೋ, ಇನ್ನಷ್ಟು ಅವಲೋಕನ ಅಗತ್ಯ ಎಂದೋ ಬರೆದು ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಧಾರವಾಡದ ಕಾನ್ವೆಂಟಿನಲ್ಲಿ ನಮಗೆ ಅಂಥ ವಾಕ್ಯಗಳನ್ನು ಚೆನ್ನಾಗಿ ಕಲಿಸಿದ್ದಾರೆ. ಕನ್ನಡವನ್ನು ನಾನು ಕಲಿತದ್ದು ಅವ್ವನಿಂದ, ಅಡುಗೆಮನೆಯಲ್ಲಿ. ಅದರಲ್ಲಿ ನನಗೆ ಬಾಗಿಲುಗಳು ಕಡಿಮೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನೀನು ಬಾಣಲೆ ಎಂದು ಕರೆಯುತ್ತಿದ್ದ ನಮ್ಮ ಆಂಟೆನಾ ಈಗಲೂ ಕಳಮೇಶ್ವರದ ದಾರಿಯ ಹೊಲದಲ್ಲಿ ಆಕಾಶ ನೋಡುತ್ತ ನಿಂತಿದೆ. ಅದರ ಕೆಲಸವನ್ನು ಉತ್ತಪ್ಪನವರು ನಮ್ಮ ತಾರಸಿಯ ಮೇಲೆ ನಿನಗೆ ವಿವರಿಸಿದ ಸಂಜೆ ನೆನಪಿದೆಯೇ? ಆಕಾಶದಲ್ಲಿ ಬಹಳ ದೂರದಿಂದ ಸದ್ದು ಮಾಡುವ ಒಂದು ಬಿಂದು. ಆ ಸದ್ದು ಇಲ್ಲಿನ ಬಾಣಲೆಗೂ ಯುರೋಪಿನಲ್ಲಿರುವ ಜೊತೆಗಾರ ಬಾಣಲೆಗೂ ಬೇರೆ ಬೇರೆ ಗಳಿಗೆಯಲ್ಲಿ ತಲುಪುತ್ತದೆ. ಆ ಗಳಿಗೆಗಳ ಅಂತರ ತಿಳಿದರೆ ಎರಡು ಬಾಣಲೆಗಳ ನಡುವಿನ ದೂರ ತಿಳಿಯುತ್ತದೆ, ಸಾವಿರಾರು ಮೈಲಿ ದೂರವೂ ಬೆರಳಿನ ಅಳತೆಯಲ್ಲಿ. ನೀನು, ಅದಕ್ಕೆ ಇಷ್ಟು ದೊಡ್ಡ ಯಂತ್ರ ಯಾಕೆ, ಒಂದು ರೇಡಿಯೋ ಸಾಲದಾ ಎಂದೆ. ಅವರು ಮೊದಲು ಬಾಯಿ ಮುಚ್ಚಿಕೊಂಡು ಗುಂಯ್ ಎಂದರು. "ಇದು ಯಾವಾಗ ಶುರುವಾಯ್ತು ಹೇಳು?" ನಿನಗೆ ಹೇಳಲಾಗಲಿಲ್ಲ. ಆಮೇಲೆ ಒಂದು ಚಪ್ಪಾಳೆ ತಟ್ಟಿದರು. "ಇದು?" ಒಂದೇ ಸ್ವರಕ್ಕೆ ಅಂಚಿಲ್ಲ, ಚಪ್ಪಾಳೆಯಲ್ಲಿ ಎಲ್ಲ ಸ್ವರವೂ ಇದೆ, ಅದಕ್ಕೇ ಅದು ಬಿದ್ದ ಕ್ಷಣ ಗೊತ್ತಾಗುತ್ತದೆ. ಹಾಗಾಗಿ ಆಕಾಶದ ಸದ್ದನ್ನು ಒಂದು ಸ್ವರದಲ್ಲಲ್ಲ, ಆದಷ್ಟು ಅಗಲವಾಗಿ, ಹಲವು ಸ್ವರಗಳಲ್ಲಿ ಒಟ್ಟಿಗೆ ಕೇಳಬೇಕು. ಆ ಅಗಲ ಕಿವಿಯನ್ನು ಕಟ್ಟುವುದೇ ನಮ್ಮಿಬ್ಬರ ಕೆಲಸವಾಗಿತ್ತು. ಬಾಣಲೆ, ಕಂಬ, ಅಳತೆ ಅವರದು; ಕಿವಿ ನನ್ನದು.

ಅಗಲ ಕಿವಿಯ ಕಷ್ಟವೆಂದರೆ ಅದು ಕೇಳಬಾರದ್ದನ್ನೂ ಕೇಳುತ್ತದೆ. ಸೋನೆಗಾಂವ್ ಕಡೆಯ ವಿಮಾನಗಳ ಮಾತು, ಪೊಲೀಸ್ ಜೀಪು, ಹೊಸ ಟಿವಿ ಗೋಪುರ, ಎಲ್ಲ. ಒಂದು ಸಲ ತಿಂಗಳುಗಟ್ಟಲೆ ಕರಕರ ಸದ್ದು ಬಂದು, ಉತ್ತಪ್ಪನವರು ಕೈಯಲ್ಲಿ ಏರಿಯಲ್ ಹಿಡಿದು ಸೈಕಲ್ ಮೇಲೆ ಹತ್ತಿಯ ಹೊಲಗಳನ್ನೆಲ್ಲ ಸುತ್ತಿ, ಕೊನೆಗೆ ಅದು ನಮ್ಮದೇ ಕಾವಲುಗಾರನ ಕೋಣೆಯ ಫ್ಯಾನಿನ ರೆಗ್ಯುಲೇಟರ್ ಎಂದು ಪತ್ತೆಯಾಯಿತು. ಖಾಪರಖೇಡಾ ಪವರ್‌ಹೌಸಿನಲ್ಲಿ ಕೆಲಸ ಮಾಡುವ ನಮ್ಮವರನ್ನು ಕಂಡಾಗಲೆಲ್ಲ, "ಗುರುಸಿದ್ದಪ್ಪಾ, ನಿಮ್ಮ ಲೈನು ಗೊರಕೆ ಹೊಡೀತಿದೆ, ಒಂಚೂರು ಮಗ್ಗುಲು ಬದಲಾಯಿಸೋಕೆ ಹೇಳಿ" ಎನ್ನುತ್ತಿದ್ದರು. ಇವರೂ ಬಿಡುತ್ತಿರಲಿಲ್ಲ. "ಸಾಹೇಬ್ರ, ಕಿವಿ ಅಗಲ ಮಾಡ್ಕೊಂಡು ಕುಂತವ್ರು ನೀವು. ಮಂದಿ ಗೊರಕಿ ಕೇಳಸ್ತೈತಿ ಅಂದ್ರ ಮಂದೀದೇನು ತಪ್ಪು?" ಈಗ ಇವರು ಊಟಕ್ಕೆ ಕೂತಾಗ ಆ ಮಾತು ಆಡುವವರಿಲ್ಲ. ಇವರೂ ಆಡುವುದಿಲ್ಲ. ನಿನ್ನ ಅಡುಗೆಮನೆಯಿಂದ ಶಾವಿಗೆಯಂಥ ನೂಪುಟ್ಟು ಬಂದರೆ ಮಾಂಸ ಮುಟ್ಟದ ನನಗೆ ಜೇನುತುಪ್ಪದ ಜೊತೆ ಎರಡು ಬರುತ್ತಿದ್ದವು, "ಪಂದಿ ಸಾರಿನ ಪಕ್ಕಕ್ಕೂ ಇಟ್ಟಿಲ್ಲ, ದೇವರಾಣೆ" ಎಂಬ ನಿನ್ನ ಪ್ರಮಾಣದ ಜೊತೆ. ನಿನ್ನ ಮನೆಯಲ್ಲಿ ಈಗ ರೈಲ್ವೆಯ ಒಬ್ಬ ಮರಾಠಿ ಅಧಿಕಾರಿಯ ಸಂಸಾರವಿದೆ. ಒಳ್ಳೆಯವರು.

ಸಂಖ್ಯೆಗೆ ಬರುತ್ತೇನೆ. ಎಂಬತ್ತನಾಲ್ಕರ ನವೆಂಬರಿನಲ್ಲಿ ನಾವು ಮೊದಲ ಸಲ ಯುರೋಪಿನವರ ಜೊತೆಗೂಡಿ ಕೇಳಿದೆವು. ಎರಡನೆಯ ಸಲ ಮುಂದಿನ ಮೇ ತಿಂಗಳಲ್ಲಿ. ಟೇಪುಗಳು ವಿಮಾನದಲ್ಲಿ ಹೋಗಿ, ಅಲ್ಲಿನವರ ಟೇಪಿನ ಜೊತೆ ತಾಳೆಯಾಗಿ, ಲೆಕ್ಕ ಬರುವ ಹೊತ್ತಿಗೆ ಎಂಬತ್ತಾರರ ಜನವರಿ. ಎರಡು ಬಾಣಲೆಗಳ ನಡುವಿನ ದೂರ ಆ ಆರು ತಿಂಗಳಲ್ಲಿ ಮೂರೂವರೆ ಸೆಂಟಿಮೀಟರ್ ಕಡಿಮೆಯಾಗಿತ್ತು. ಭಾರತದ ನೆಲ ಉತ್ತರಕ್ಕೆ ನಡೆಯುತ್ತಿದೆ ಎಂಬುದು ಹೊಸ ವಿಷಯವಲ್ಲ, ಭೂವಿಜ್ಞಾನಿಗಳು ಬಂಡೆಗಳನ್ನು ಓದಿ ಹೇಳಿದ್ದರು. ಆದರೆ ನಡೆಯುವಾಗಲೇ ಹಿಡಿದದ್ದು, ಅದೂ ನಾವು ಕೈಯಾರೆ ಕಟ್ಟಿದ ಕಿವಿಯಿಂದ, ಎಂದು ಅನ್ನಿಸಿತಲ್ಲ, ಅದಕ್ಕೆ ನಾವು ಕುಣಿದೆವು. ನಿಜವಾಗಿಯೂ ಕುಣಿದೆವು, ಕಂಟ್ರೋಲ್ ರೂಮಿನಲ್ಲಿ, ಈ ನಲವತ್ತೈದರ ನಾನು. ಉತ್ತಪ್ಪನವರು ಎರಡು ಬೆರಳು ಜೋಡಿಸಿ ಎಲ್ಲರಿಗೂ ತೋರಿಸುತ್ತ ನಡೆದರು. "ಇಷ್ಟು. ಇಂಡಿಯಾ ಇಷ್ಟು ನಡೆದಿದೆ." ಹಾಲಿನವನಿಗೂ ತೋರಿಸಿದರಂತೆ.

ಆಮೇಲೆ ಪತ್ರಿಕೆಯಲ್ಲಿ ಬಂತು. ಆ ತುಂಡನ್ನು ನೀನು ಊರಿಗೆ ಕಳಿಸಿದೆ. ಮನೆತನದ ಗಂಡಸರೆಲ್ಲ ಫೌಜಿಗೆ ಹೋದಾಗ ಇವರೊಬ್ಬರು ಹೋಗದೆ ಉಳಿದದ್ದಕ್ಕೆ ಮದುವೆ ಮುಂಜಿಗಳಲ್ಲೆಲ್ಲ "ನಮ್ಮ ಉತ್ತ ನಾಗಪುರದಲ್ಲಿ ರೇಡಿಯೋ ರಿಪೇರಿ ಮಾಡ್ತಾನೆ" ಎಂದು ಪರಿಚಯ ಮಾಡಿಸುತ್ತಿದ್ದ ಮೇಜರ್ ಬೋಪಣ್ಣನವರು ತಂತಿ ಕಳಿಸಿದರು. ಒಂದೇ ಪದ: ಶಾಬಾಶ್. ಆ ತಂತಿಯನ್ನು ಉತ್ತಪ್ಪನವರು ಒಂದು ವಾರ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದು ನಿನಗೂ ಗೊತ್ತು. ಅಂಬಾಝರಿ ಘಾಟಿನಲ್ಲಿ, ಚಿತೆಯ ಮುಂದೆ, ಬೋಪಣ್ಣನವರು ಅಳಲಿಲ್ಲ. ಸೆಲ್ಯೂಟ್ ಹೊಡೆದರು. ಅಲ್ಲಿದ್ದ ಏರ್‌ಫೋರ್ಸ್ ಹುಡುಗರಿಗೆ, "ಮೇರಾ ಭಾಯಿ. ದೇಶ ನಡೆಯೋದನ್ನ ಅಳೆದವನು" ಎಂದರು. ಈಗ ಆ ಮಾತೇ ಕಲ್ಲಿನ ಮೇಲೆ ಬರಬೇಕೆಂದಿದ್ದಾರೆ. ನಾನು ನಿನ್ನಿಂದ ಏನನ್ನು ಕಿತ್ತುಕೊಳ್ಳುತ್ತಿದ್ದೇನೆ ಎಂಬುದು ನನಗೆ ಗೊತ್ತಿಲ್ಲದೆ ಇಲ್ಲ. ಇಪ್ಪತ್ತು ವರ್ಷ ಗಂಡನ ಪರವಾಗಿ ತಲೆ ತಗ್ಗಿಸಿದವಳಿಗೆ ಒಂದು ವರ್ಷ ತಲೆ ಎತ್ತಲು ಸಿಕ್ಕಿತು. ಅಷ್ಟೇ ಸಿಕ್ಕಿದ್ದು.

ತಪ್ಪು ಎಲ್ಲಾಯಿತು ಎಂದರೆ, ಕಿವಿಯಲ್ಲಲ್ಲ, ಕಾಲಲ್ಲಿ. ನಾಗಪುರದ ಎರೆಮಣ್ಣು ನಿನಗೆ ಗೊತ್ತು. ಮೇ ತಿಂಗಳಲ್ಲಿ ನಮ್ಮ ಹಿತ್ತಲಲ್ಲಿ ಬಿಟ್ಟ ಬಿರುಕಿನಲ್ಲಿ ನಿನ್ನ ಚಪ್ಪಲಿ ಸಿಕ್ಕಿಕೊಂಡಿತ್ತು. ಅದೇ ಮಣ್ಣು ಮಳೆ ಕುಡಿದರೆ ಹಿಟ್ಟಿನಂತೆ ಉಬ್ಬುತ್ತದೆ. ಬಾಣಲೆಯ ಅಡಿಪಾಯ ಆಳಕ್ಕೆ, ಬಂಡೆಯವರೆಗೆ ಹೋಗಿದೆ ಎಂದೇ ನಾವೆಲ್ಲ ನಂಬಿದ್ದೆವು. ಅದು ಗಟ್ಟಿಯಾಗಿ ಒಣಗಿದ ಎರೆಮಣ್ಣಿನ ಮೇಲೆಯೇ ನಿಂತಿತ್ತು. ಬೇಸಿಗೆಯಲ್ಲಿ ತೋಡಿದವರಿಗೆ ಅದು ಬಂಡೆಯಂತೆಯೇ ಕಂಡಿರಬೇಕು. ಮಳೆ ಮುಗಿದ ನವೆಂಬರಿನಲ್ಲಿ ಬಾಣಲೆ ಉಬ್ಬಿದ ನೆಲದ ಮೇಲೆ ಎತ್ತರದಲ್ಲಿತ್ತು. ಮೇ ತಿಂಗಳಲ್ಲಿ ಕುಸಿದ ನೆಲದ ಮೇಲೆ ತಗ್ಗಿನಲ್ಲಿತ್ತು. ಭೂಮಿ ಗುಂಡಗಿರುವುದರಿಂದ, ಒಂದು ತುದಿ ತಗ್ಗಿದರೆ ಇನ್ನೊಂದು ತುದಿಗೆ ನೇರ ದೂರ ಕಡಿಮೆಯಾಗುತ್ತದೆ. ನಾವು ಅಳೆದದ್ದು ಅದನ್ನು. ದೇಶ ನಡೆದದ್ದನ್ನಲ್ಲ, ನಮ್ಮ ಹೊಲದ ಮಣ್ಣು ಒಣಗಿದ್ದನ್ನು.

ಇಷ್ಟು ಓದಿದವರಿಗೆ ಇದು ಯಾಕೆ ಹೊಳೆಯಲಿಲ್ಲ ಎಂದು ನೀನು ಕೇಳಬಹುದು. ಹೊಳೆದಿತ್ತು. ಅದಕ್ಕಾಗಿಯೇ ಬಾಣಲೆಯ ಸುತ್ತ ನಾಲ್ಕು ಸಿಮೆಂಟಿನ ಕಂಬಗಳನ್ನು ನಿಲ್ಲಿಸಿದ್ದೆವು. ಪ್ರತಿಯೊಂದು ಅಳತೆಯ ಮುಂಚೆ ಮತ್ತು ನಂತರ ಉತ್ತಪ್ಪನವರು ಮಟ್ಟದ ದುರ್ಬೀನು ಇಟ್ಟು ಬಾಣಲೆ ಆ ಕಂಬಗಳಿಗೆ ಹೋಲಿಸಿದರೆ ಏರಿದೆಯೇ ಇಳಿದಿದೆಯೇ ಎಂದು ಓದುತ್ತಿದ್ದರು. ಅವರ ಕ್ರಮ ನಿನಗೂ ಗೊತ್ತು, ನಮ್ಮ ಆಫೀಸಿನಲ್ಲಿ ಅದೊಂದು ತಮಾಷೆಯಾಗಿತ್ತು. ಓದುವಷ್ಟು ಹೊತ್ತು ಡ್ರೈವರ್ ಬಾಬು ದುರ್ಬೀನಿಗೆ ಕೊಡೆ ಹಿಡಿಯಬೇಕು, ಏಕೆಂದರೆ ಬಿಸಿಲು ತಾಗಿದರೆ ಅದರ ಮಟ್ಟ ತೋರಿಸುವ ಕೊಳವೆಯ ಗುಳ್ಳೆ ಸರಿಯುತ್ತದೆ. ಓದಿ ಮುಗಿದ ಮೇಲೆ ಬಾಬುವನ್ನು ಬೇರೆ ಕೆಲಸಕ್ಕೆ ಕಳಿಸಿ, ತಮ್ಮ ಹ್ಯಾಟು ತೆಗೆದು ದುರ್ಬೀನಿಗೆ ತೊಡಿಸುತ್ತಿದ್ದರು. "ಸಾಹೇಬ್, ಮಷೀನಿಗೆ ಲೂ ಹೊಡಿಯಲ್ಲ, ನಿಮಗೆ ಹೊಡೀತದೆ" ಎಂದು ಬಾಬು ಹಿಂದಿ ಮರಾಠಿ ಬೆರೆಸಿ ಬೈಯುತ್ತಿದ್ದ. ಅವರು, ಆ ಬೇಸಿಗೆಯ ಝಳ ತಾಗದಿರಲೆಂದು ನೀನು ಬೆಳಿಗ್ಗೆ ಜೇಬಿಗೆ ಹಾಕಿದ ಈರುಳ್ಳಿ ತೆಗೆದು ತೋರಿಸಿ, "ಹೋಮ್ ಮಿನಿಸ್ಟ್ರಿ ಬಂದೋಬಸ್ತ್ ಇದೆ" ಎನ್ನುತ್ತಿದ್ದರು.

ನಾಲ್ಕು ಕಂಬಗಳೂ ಪ್ರತಿ ಸಲ ಒಂದೇ ಉತ್ತರ ಕೊಟ್ಟವು: ಬಾಣಲೆ ಅಲುಗಿಲ್ಲ. ಕಂಬಗಳೂ ಅದೇ ಮಣ್ಣಿನಲ್ಲಿ ನಿಂತಿದ್ದವು ದೇಚಮ್ಮ. ಬಾಣಲೆಯ ಜೊತೆಗೇ ಏರಿ, ಜೊತೆಗೇ ಇಳಿದಿದ್ದವು. ನಮ್ಮ ಜೊತೆ ತೇಲುವ ದೋಣಿಯನ್ನು ನೋಡಿ ನಾವು ತೇಲುತ್ತಿಲ್ಲ ಎಂದುಕೊಂಡೆವು.

ನನಗೆ ಇದು ತಿಳಿಯುತ್ತ ಹೋದದ್ದು ಅವರು ಹೋದ ಮೇಲೆ. ಜೂನ್ ಮೊದಲ ವಾರ, ಅವರ ಕೆಲಸ ಅರ್ಧಕ್ಕೆ ನಿಲ್ಲಬಾರದೆಂದು ನಾನೇ ಕಂಬಗಳನ್ನು ಓದಿದೆ. ಮೂರು ಸರಿಯಾಗಿದ್ದವು. ಮೂರನೆಯ ಕಂಬ ಮಾತ್ರ ಉಳಿದವಕ್ಕಿಂತ ಎತ್ತರವಿತ್ತು, ಹೆಚ್ಚುಕಡಿಮೆ ಎರಡು ಬೆರಳು. ನನಗೆ ಓದಲು ಬರುವುದಿಲ್ಲ ಎಂದುಕೊಂಡು ಮತ್ತೆ ಓದಿದೆ. ಮತ್ತೆ ಅದೇ. ಮೂರನೆಯ ಕಂಬ ಎಂದರೆ ಯಾವುದು ಎಂದು ನಿನಗೆ ನೆನಪಿರಬೇಕು. ನೀನು ಊರಿನಿಂದ ತಂದ ಕಿತ್ತಳೆ ಸಸಿಗಳನ್ನು ಅವರು ನೆಟ್ಟದ್ದು ಅದರ ಸುತ್ತ. "ನಾಗಪುರದವರಿಗೆ ನಿಜವಾದ ಕಿತ್ತಳೆ ಅಂದ್ರೆ ಏನು ಅಂತ ಕೊಡಗು ತೋರಿಸುತ್ತೆ" ಎಂದು ಆಫೀಸಿನಲ್ಲೆಲ್ಲ ಸವಾಲು ಹಾಕಿ, ಒಡ್ಡು ಕಟ್ಟಿ, ಏಪ್ರಿಲ್ ಮೇ ಪೂರ್ತಿ ದಿನಾ ಟ್ಯಾಂಕರ್ ನೀರು ಹಾಯಿಸಿದರು. ಆ ನೀರಿಗೆ ಅಲ್ಲಿನ ಮಣ್ಣು ಉಬ್ಬಿ ಕಂಬವನ್ನು ಎತ್ತಿತ್ತು. ಒಂದು ಕಂಬಕ್ಕೆ ಒಂದು ಟ್ಯಾಂಕರ್ ಹೀಗೆ ಮಾಡಿದರೆ ಇಡೀ ಹೊಲಕ್ಕೆ ಒಂದು ಮಳೆಗಾಲ ಏನು ಮಾಡೀತು ಎಂದು ಆಗ ಹೊಳೆಯಿತು. ಹೊಳೆದ ಮೇಲೆ ಕೆಲವು ದಿನ ಯಾರಿಗೂ ಹೇಳಲಿಲ್ಲ.

ಸೆಮಿನರಿ ಹಿಲ್ಸ್ ಗುಡ್ಡದ ಕರಿಬಂಡೆಯ ಮೇಲೆ ಸರ್ವೆಯವರ ಹಳೆಯ ಗುರುತೊಂದಿದೆ. ಬಂಡೆ ಮಳೆಗೆ ಉಬ್ಬುವುದಿಲ್ಲ. ಅಲ್ಲಿಂದ ನಮ್ಮ ಹೊಲದವರೆಗೆ ರಸ್ತೆಯುದ್ದಕ್ಕೂ ಮಟ್ಟ ಹಿಡಿದುಕೊಂಡು ಬಂದೆವು, ಮಳೆಗೆ ಮೊದಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ. ಬಾಣಲೆಯೂ ನಾಲ್ಕು ಕಂಬಗಳೂ ಒಟ್ಟಾಗಿ ಮೇಲೆದ್ದಿದ್ದವು. ನವೆಂಬರಿನಲ್ಲಿ ಯುರೋಪಿನವರ ಜೊತೆ ಮೂರನೆಯ ಸಲ ಕೇಳಿದೆವು. ಆ ಲೆಕ್ಕ ಬಂದದ್ದು ಈ ಮಾರ್ಚಿನಲ್ಲಿ, ನಿನ್ನ ಪತ್ರಕ್ಕಿಂತ ಸ್ವಲ್ಪ ಮುಂಚೆ. ಕಡಿಮೆಯಾಗಿದ್ದ ದೂರ ಮತ್ತೆ ಬೆಳೆದು ಮೊದಲಿನಷ್ಟೇ ನಿಂತಿತ್ತು. ಮಣ್ಣಿನ ಪಾಲನ್ನು ಕಳೆದರೆ ಉಳಿಯುವುದು ನಮ್ಮ ಯಂತ್ರದ ನಡುಕಕ್ಕಿಂತ ಚಿಕ್ಕದು. ದೇಶ ನಡೆಯುತ್ತಲೇ ಇರಬಹುದು. ನಾವು ಅದನ್ನು ನೋಡಿಲ್ಲ.

ಇದನ್ನು ನಿನಗೆ ಹೇಳಬೇಕೇ ಎಂದು ನಮ್ಮವರನ್ನು ಕೇಳಿದೆ. "ಬಸ್‌ಸ್ಟ್ಯಾಂಡಿನ ಕಲ್ಲು ಯಾರು ಓದ್ತಾರ? ಬಸ್ ಬಂತೇನು ಅಂತ ಎಲ್ಲಾರೂ ರಸ್ತಾ ನೋಡ್ತಾರ. ಇರ್ಲಿ ಬಿಡು, ಆ ಹೆಣ್ಮಗಳಿಗೆ ಅಷ್ಟರೆ ಸಮಾಧಾನ ಇರ್ಲಿ" ಎಂದರು. ಇವರ ಮಾತಿನಲ್ಲಿ ಯಾವಾಗಲೂ ಸ್ವಲ್ಪ ಕರುಣೆಯೂ ಸ್ವಲ್ಪ ಸೋಮಾರಿತನವೂ ಬೆರೆತಿರುತ್ತವೆ, ಬೇರೆ ಮಾಡುವುದು ಕಷ್ಟ. ಆದರೆ ಆ ಕಲ್ಲನ್ನು ಬೋಪಣ್ಣನವರು ದಿನಾ ಓದುತ್ತಾರೆ. ನೀನು ಪೇಟೆಗೆ ಹೋಗುವಾಗಲೆಲ್ಲ ಅದರ ಕೆಳಗೆ ಕೂರುತ್ತೀಯ. ನಮ್ಮ ವರದಿ ಈ ತಿಂಗಳ ಕೊನೆಗೆ ಇಲಾಖೆಗೆ ಹೋಗುತ್ತದೆ, ಆಮೇಲೆ ಯಾವತ್ತೋ ಯಾರೋ ಓದಿದವರು ನಿನ್ನ ಮುಂದೆ ಆ ಸಂಖ್ಯೆಯನ್ನು ನೋಡಿ ಮುಗುಳ್ನಗಬಹುದು. ಅದಕ್ಕಿಂತ ನಾನು ಹೇಳುವುದು ಮೇಲು ಎಂದುಕೊಂಡೆ.

ಹೀಗೆ ಬರೆದು, ಇದೇ ನಿಜವಾದ ಕಾರಣವೇ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಅವರ ಸಂಖ್ಯೆ ತಪ್ಪೆಂದು ಹೇಳುವ ವರದಿಯ ಮೇಲೆ ನನ್ನ ಹೆಸರಿದೆ. ಅದು ಒಳ್ಳೆಯ ಕೆಲಸವೆಂದು ಯುರೋಪಿನವರು ಹೊಗಳಿ ಬರೆದಿದ್ದಾರೆ. ಅವರು ಹೊಗಳಿದ ದಿನ ನನಗೆ ಸಂತೋಷವಾಯಿತು, ದೇಚಮ್ಮ. ನಿನ್ನಲ್ಲಿ ಮುಚ್ಚಿಡುವುದಿಲ್ಲ. ಆ ಸಂತೋಷವನ್ನು ನಿನ್ನ ದುಃಖದ ಮೇಲೆ ನಿಂತು ಪಟ್ಟೆನೋ ಏನೋ. ಬಹಳ ಹೊತ್ತು ಯೋಚಿಸಿದೆ, ತೀರ್ಮಾನವಾಗಲಿಲ್ಲ. ಅಳೆಯಲು ನನ್ನ ಹೊರಗೆ ಒಂದು ಬಂಡೆ ಬೇಕಲ್ಲ.

ಕಲ್ಲಿನ ಮೇಲೆ ಅವರ ಹೆಸರು ಸಾಕು ಅನ್ನಿಸುತ್ತದೆ. ಇಲ್ಲವೇ, ಏನಾದರೂ ಬೇಕೇ ಬೇಕೆಂದರೆ, ಅದನ್ನು ನೀನು ಈ ಪತ್ರ ಪೂರ್ತಿ ಓದಿದ ಮೇಲೆ ತೀರ್ಮಾನಿಸು. ಬೋಪಣ್ಣನವರಿಗೆ ನೀನು ಹೇಳಲಾರೆ ಎಂದಾದರೆ ನಾನು ಇಂಗ್ಲಿಷಿನಲ್ಲಿ ಅವರಿಗೆ ಬರೆಯುತ್ತೇನೆ. ಬಾಗಿಲ ಹಿಂದೆ ನಿಲ್ಲದೆ ಬರೆಯಲು ಪ್ರಯತ್ನಿಸುತ್ತೇನೆ. ನನ್ನ ಮೇಲೆ ಸಿಟ್ಟು ಬಂದರೆ ಅದನ್ನಾದರೂ ಬರೆ. ನಿನ್ನ ಅಕ್ಷರ ಬಾರದೆ ಹೋದರೆ ಈ ಊರಿನಲ್ಲಿ ನನಗೆ ಕನ್ನಡದಲ್ಲಿ ಬೈಯುವವರೂ ಇರುವುದಿಲ್ಲ.

ನಿನ್ನ ಅತ್ತೆಗೆ ನನ್ನ ನಮಸ್ಕಾರ ಹೇಳು.

ಒಂದು ವರ್ಷದಿಂದ ನಿನ್ನ ಎದುರು ನಿಲ್ಲಲು ಧೈರ್ಯ ಸಾಲದೆ ಹೋದ, ಆದರೂ ನಿನ್ನವಳೇ ಆದ,
ದಮಯಂತಿ

ಮರೆತದ್ದಲ್ಲ, ಮುಂದೂಡಿದ್ದು: ಹ್ಯಾಟು ನನ್ನ ಅಲಮಾರಿಯಲ್ಲಿದೆ. ನಿನ್ನ ತಂದೆಯವರು ಫೌಜಿನಿಂದ ತಂದು ಅಳಿಯನಿಗೆ ಕೊಟ್ಟ ಅದೇ ಹ್ಯಾಟು. ಆ ಮಧ್ಯಾಹ್ನ ಅದು ದುರ್ಬೀನಿನ ಮೇಲಿತ್ತು. ಯಂತ್ರದ ತಲೆಗೆ ನೆರಳು ಕೊಟ್ಟು ನಿನ್ನ ಗಂಡ ಬರಿದಲೆಯಲ್ಲಿ ಕೂತಿದ್ದರು ಎಂದು ಆ ಸ್ಟೇಷನ್ನಿನ ಬೆಂಚಿನ ಮೇಲೆ ನಿನಗೆ ಹೇಳಲು ನನ್ನಿಂದಾಗಲಿಲ್ಲ. ನಿನಗಿಂತ ಆ ಯಂತ್ರ ಹೆಚ್ಚಾಯಿತು ಎಂದು ನಿನಗನ್ನಿಸೀತೆಂದು ಹೆದರಿದೆ.

ದುರ್ಬೀನು ತಿರುಗಿದ್ದದ್ದು ಮೂರನೆಯ ಕಂಬದ ಕಡೆಗೆ. ಕಾಫಿ ಕಿತ್ತಳೆ ತೋಟದಲ್ಲಿ ಹುಟ್ಟಿ ಬೆಳೆದ ಮನುಷ್ಯ, ಯಾವ ಸಸಿಯನ್ನೂ ಬೇಸಿಗೆಯಲ್ಲಿ ನೆಡುವುದಿಲ್ಲ ಎಂದು ತಿಳಿಯದವರಲ್ಲ. ಆ ಸಸಿಗಳು ನೆಪ. ನೀರು ಸಸಿಗಳಿಗಲ್ಲ, ಮಣ್ಣಿಗೆ ಹೋಗುತ್ತಿತ್ತು. ತಮ್ಮ ಎರಡು ಬೆರಳಿನ ಮೇಲೆ ಅವರಿಗೆ ನಮ್ಮೆಲ್ಲರಿಗಿಂತ ಮೊದಲು ಸಂಶಯ ಬಂದಿತ್ತು. ಅದನ್ನು ಯಾರಿಗೂ ಹೇಳದೆ, ನಿನಗೂ ನನಗೂ ಹೇಳದೆ, ನಗುತ್ತ, ಕಿತ್ತಳೆಯ ಜಂಬ ಕೊಚ್ಚುತ್ತ ಪರೀಕ್ಷಿಸುತ್ತಿದ್ದರು. ಈಚೆಗೆ ಕೇಳಿದಾಗ ಬಾಬು ಒಪ್ಪಿಕೊಂಡ. ಲೆಕ್ಕ ಬರೋಬರ್ ಆಗುವವರೆಗೆ ಬಾಯಿಗೆ, ಎಂದರೆ ನನಗೆ, ಹೇಳಬೇಡ ಎಂದಿದ್ದರಂತೆ. ಟ್ಯಾಂಕರನ್ನು ನಿಲ್ಲಿಸಿದವಳು ನಾನೇ. ಸಸಿಗಳು ಮಳೆಯನ್ನು ಕಾಣಲಿಲ್ಲ.

ಹ್ಯಾಟು ದುರ್ಬೀನಿನ ಮೇಲಿತ್ತೆಂದರೆ ಓದಿ ಮುಗಿದಿತ್ತು. ಕಂಬ ಏರಿದ್ದನ್ನು ಅವರು ಕಂಡಿದ್ದರು. ಪತ್ರಿಕೆಯ ತುಂಡು, ಅಣ್ಣನ ತಂತಿ, ಎಲ್ಲ ಹೋಯಿತೆಂದು ಅವರಿಗೆ ಗೊತ್ತಾಗಿತ್ತು. ಆಮೇಲೆ ಕೊಡೆಯನ್ನು ಬಾಬುವಿನ ಕೈಯಲ್ಲೇ ಬಿಟ್ಟು, ಅವನನ್ನು ನನ್ನನ್ನು ಕರೆತರಲು ಕಳಿಸಿದರು. ಬಾಬು ಓಡಿ ಬಂದು, ಸಾಹೇಬರು ನಗುತ್ತಿದ್ದಾರೆ, ಬೇಗ ಬರಬೇಕಂತೆ ಎಂದ. ಅವರು ಹೇಳಿ ಕಳಿಸಿದ ಮಾತು ಇಷ್ಟೇ: "ಬಾಯೀಲಾ ಸಾಂಗ್, ಬರೋಬರ್ ಝಾಲಂ." ಮೇಡಂಗೆ ಹೇಳು, ಸರಿಹೋಯಿತು ಅಂತ. ನಾವು ಓಡುತ್ತಲೇ ಹೋದೆವು. ಅವರು ಕಂಬಕ್ಕೆ ಒರಗಿ, ಸಸಿಗಳ ಪಕ್ಕ ಒದ್ದೆ ಮಣ್ಣಿನಲ್ಲಿ ಕೂತಿದ್ದರು. ಈರುಳ್ಳಿ ಜೇಬಿನಲ್ಲೇ ಇತ್ತು.

ಸಂತೋಷದಲ್ಲಿ ಹೋದರು ಎಂದು ಆಗ ನಿನಗೆ ಹೇಳಿದ್ದೆ. ಅದು ಸುಳ್ಳಲ್ಲ ಎಂದು ಈಗ ತಿಳಿದಿದೆ. ಎಂಥ ಸಂತೋಷ ಎಂಬುದು ಆಗ ನನಗೇ ಗೊತ್ತಿರಲಿಲ್ಲ. ಕಲ್ಲಿನ ಮೇಲೆ ಏನು ಬರೆಸಬೇಕೆಂದು ಇದನ್ನು ಓದಿದ ಮೇಲೆ ಯೋಚಿಸು.

ಈ ಶನಿವಾರ ಮೂರನೆಯ ಕಂಬವನ್ನು ಇನ್ನೊಂದು ಸಲ ಓದುತ್ತೇನೆ. ಅದನ್ನು ಎತ್ತಿದ್ದು ನೀರೇ ಆಗಿದ್ದರೆ, ನೀರಿಲ್ಲದ ಈ ಬೇಸಿಗೆಯಲ್ಲಿ ಅದು ಉಳಿದ ಮೂರರ ಮಟ್ಟಕ್ಕೆ ಇಳಿದಿರಬೇಕು. ಅವರಾಗಿದ್ದರೆ ಓದದೆ ಕಳಿಸುತ್ತಿರಲಿಲ್ಲ. ಓದಿ ಮುಗಿದ ಮೇಲೆ ದುರ್ಬೀನಿಗೆ ತೊಡಿಸಲು ಆ ಒಂದು ದಿನದ ಮಟ್ಟಿಗೆ ಹ್ಯಾಟು ನನಗೆ ಬೇಕು. ಬೇರೆ ಉತ್ತರ ಬಂದರೆ ಈ ಪತ್ರವನ್ನು ಹರಿದು ಹೊಸದು ಬರೆಯುತ್ತೇನೆ. ಬರದಿದ್ದರೆ ಪತ್ರವನ್ನೂ ಹ್ಯಾಟನ್ನೂ ಒಟ್ಟಿಗೆ ಕಟ್ಟಿ ಪೋಸ್ಟ್ ಮಾಡುವುದು ಸೋಮವಾರ, ಏಪ್ರಿಲ್ 20.